ಒಡೆತನ ಮತ್ತು ಹೊಣೆ

ಮಗು ಮಾತು ಕಲಿಯುವಾಗ ಅಪ್ಪ, ಅಮ್ಮ ಎಂಬ ಮಾತುಗಳ ಬೆನ್ನಿಗೇ ಕಲಿಯುವ ಮಾತು 'ನಂದು'. ಮುಂದೆ ಆಯುಷ್ಯವಿಡೀ ಆ ಒಂದು ಮಾತನ್ನು ನಾವು ಹೊಲಕ್ಕೆ, ಮನೆಗೆ, ದನಕರುಗಳಿಗೆ, ಗಾಡಿಗೆ ಹಚ್ಚುತ್ತ ಹೋಗುತ್ತೇವೆ. ಆದರೆ ಒಂದು ವಸ್ತು ನನ್ನದಾಗುವುದು ಯಾವಾಗ? ರೊಕ್ಕ ಕೊಟ್ಟಾಗಲೋ, ಕೈಗೆ ಬಂದಾಗಲೋ, ಕಾಗದದ ಮೇಲೆ ಹೆಸರು ಬಿದ್ದಾಗಲೋ? ಸಾಮಾನ್ಯವಾಗಿ ಈ ಮೂರೂ ಒಟ್ಟಿಗೆ ನಡೆಯುವುದರಿಂದ ಪ್ರಶ್ನೆ ಏಳುವುದಿಲ್ಲ. ಮೂರರಲ್ಲಿ ಒಂದು ತಪ್ಪಿದಾಗಲೇ ನಾವು ನಿಂತು ಯೋಚಿಸಬೇಕಾಗುತ್ತದೆ.

ಉಚ್ಚಂಗಿದುರ್ಗದಲ್ಲಿ ನನ್ನ ನೆರೆಯವರೊಬ್ಬರಿದ್ದಾರೆ. ಗಾರೆ ಕೆಲಸ ಮಾಡುವವರು. ಐದು ವರ್ಷದ ಹಿಂದೆ ಹನ್ನೆರಡು ಸಾವಿರ ಕೊಟ್ಟು ಹಳೆಯ ಸ್ಪ್ಲೆಂಡರ್ ಮೋಟಾರ್ ಸೈಕಲ್ಲೊಂದನ್ನು ಕೊಂಡರು. ಮಾರಿದವನು ಕೊಟ್ಟದ್ದು ಬಿಳಿ ಹಾಳೆಯ ಮೇಲೆ ಒಂದು ಸಹಿ, ಒಂದು ಬೀಗದ ಕೈ. "ಆರ್.ಸಿ. ನಾಳೆ ತಂದುಕೊಡ್ತೀನಿ" ಎಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈಗ ಗಾಡಿಯನ್ನು ಮಗನ ಹೆಸರಿಗೆ ಮಾಡಿಸಬೇಕೆಂದು ವಿಚಾರಿಸಿದಾಗ, ರಿಜಿಸ್ಟರಿನಲ್ಲಿ ಇರುವ ಹೆಸರು ಬೇರೆ ಯಾರದೋ ಎಂದೂ ಆತ ತೀರಿಕೊಂಡು ಆರು ವರ್ಷವಾಯಿತೆಂದೂ ತಿಳಿಯಿತು. ದಲ್ಲಾಳಿಯೊಬ್ಬ ಸುಲಭದ ದಾರಿ ತೋರಿಸಿದ: ಮೂರು ಸಾವಿರ ಕೊಟ್ಟರೆ ಸತ್ತವನ ಸಹಿಯನ್ನು ತಾನೇ 'ನೋಡಿಕೊಳ್ಳುತ್ತೇನೆ' ಎಂದ.

ನೆರೆಯವರು ನನ್ನ ಬಳಿ ಬಂದು ಕೇಳಿದ ಮಾತು ಇದು: "ಮೇಷ್ಟ್ರೇ, ನಾ ರೊಕ್ಕ ಕೊಟ್ಟೀನಿ, ಕದ್ದಿಲ್ಲ. ಐದು ವರ್ಷ ಎಣ್ಣಿ ಹಾಕಿ, ಟೈರ್ ಬದಲಿಸಿ ಸಾಕೀನಿ. ಸತ್ತೋರ ಸಹಿ ಯಾರು ಹಾಕಿದ್ರ ಏನ್ರೀ? ಇದರಾಗ ಯಾರಿಗೆ ಅನ್ಯಾಯ ಆಗ್ತೈತಿ?"

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೆಲೆ ಕೊಟ್ಟದ್ದು, ಅನುಭವಿಸಿದ್ದು, ಆರೈಕೆ ಮಾಡಿದ್ದು—ಒಡೆತನಕ್ಕೆ ಲೋಕವು ಸಾಮಾನ್ಯವಾಗಿ ಒಪ್ಪುವ ಆಧಾರಗಳು ಇವೇ ಅಲ್ಲವೇ? ಇವೆಲ್ಲ ಇದ್ದೂ ಒಂದು ಕಾಗದ ಇಲ್ಲವೆಂಬ ಮಾತ್ರಕ್ಕೆ ಗಾಡಿ ಅವರದಲ್ಲವೆಂದರೆ, ಮನುಷ್ಯನ ದುಡಿಮೆಗಿಂತ ಕಚೇರಿಯ ಶಾಯಿ ದೊಡ್ಡದಾಯಿತೆಂದು ಅವರಿಗೆ ಅನ್ನಿಸಿದರೆ ಆಶ್ಚರ್ಯವೇನು?

ಈ ವ್ಯಾಜ್ಯ ಹೊಸದಲ್ಲ. ನಮ್ಮ ಊರ ಮೇಲಿನ ಕೋಟೆಯಿಂದ ಆಳಿದ ಉಚ್ಚಂಗಿಯ ಪಾಂಡ್ಯರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದವರು. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದ ಆ ಕಲ್ಯಾಣದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದದ್ದು. ಆ ಸ್ಮೃತಿಯು ವ್ಯವಹಾರದಲ್ಲಿ ಒಪ್ಪುವ ಪ್ರಮಾಣಗಳು ಮೂರು: ಬರಹ, ಭೋಗ, ಸಾಕ್ಷಿ. ವಸ್ತುವನ್ನು ಅನುಭವಿಸುತ್ತಿರುವುದು ಒಳ್ಳೆಯ ಪ್ರಮಾಣವೇ. ಆದರೆ ತಲೆಮಾರುಗಳಿಂದ ಬಂದದ್ದನ್ನು ಬಿಟ್ಟರೆ, ಅದು ನಿನಗೆ ಹೇಗೆ ಬಂತು ಎಂಬ 'ಆಗಮ'ವು ಅದಕ್ಕಿಂತ ಬಲವಾದದ್ದು. ಒಡೆಯನಲ್ಲದವನು ಮಾರಿದ ವಸ್ತುವನ್ನು ನಿಜವಾದ ಒಡೆಯ ಮರಳಿ ಪಡೆಯಬಹುದು. ಗುಟ್ಟಾಗಿ, ಹೊತ್ತಲ್ಲದ ಹೊತ್ತಿನಲ್ಲಿ, ತೀರ ಅಗ್ಗಕ್ಕೆ ಕೊಂಡವನ ಮೇಲೆ ಕಳವಿನ ಸಂಶಯವೇ ಬರುತ್ತದೆ. ಮಾರಿದವನನ್ನು ತಂದು ತೋರಿಸಿದರೆ ಕೊಂಡವನು ಶುದ್ಧನಾಗುತ್ತಾನೆ. ಎತ್ತು ಕುದುರೆಗಳ ಕಾಲಕ್ಕೆ ಹೇಳಿದ ಈ ಮಾತು ನಮ್ಮ ಸ್ಪ್ಲೆಂಡರಿಗೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ.

ಈಗಿನ ಕಾಯಿದೆಯೂ ಬಹಳ ದೂರ ಹೋಗಿಲ್ಲ. 1930ರ ಸರಕು ಮಾರಾಟ ಕಾಯಿದೆಯ 27ನೆಯ ವಿಧಿಯ ಸಾರವೆಂದರೆ, ಕೆಲವು ಅಪವಾದಗಳನ್ನು ಬಿಟ್ಟು, ಮಾರುವವನು ತನಗಿಲ್ಲದ ಹಕ್ಕನ್ನು ಕೊಳ್ಳುವವನಿಗೆ ಕೊಡಲಾರ. ಇದರ ಪಕ್ಕದಲ್ಲಿ 1988ರ ಮೋಟಾರು ವಾಹನ ಕಾಯಿದೆ ಇನ್ನೊಂದು ಲೆಕ್ಕ ಇಟ್ಟಿದೆ. ಅದರ ಪ್ರಕಾರ ಯಾರ ಹೆಸರಿನಲ್ಲಿ ವಾಹನ ದಾಖಲಾಗಿದೆಯೋ ಅವನೇ ಒಡೆಯ. ಅದೇ ರಾಜ್ಯದೊಳಗೆ ಮಾರಿದರೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ತಿಳಿಸಬೇಕು. 29 ಮತ್ತು 30ನೆಯ ನಮೂನೆಗಳು ಇರುವುದು ಅದಕ್ಕೇ. ಒಡೆಯ ತೀರಿಕೊಂಡರೆ ವಾರಸುದಾರರು 31ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಆಮೇಲೆ ಮಾರಬೇಕು. ಆರ್.ಸಿ. ಕಳೆದಿದ್ದರೆ ಪೊಲೀಸ್ ಠಾಣೆಗೆ ತಿಳಿಸಿ, 26ನೆಯ ನಮೂನೆಯಲ್ಲಿ ನಕಲು ಪ್ರತಿ ಕೇಳಬೇಕು. ಗಾಡಿಯ ಮೇಲೆ ಸಾಲ ದಾಖಲಾಗಿದ್ದರೆ ಸಾಲ ಕೊಟ್ಟವರಿಂದ ತೀರುವಳಿ ಪತ್ರ ತರಬೇಕು. ಒಟ್ಟಿನಲ್ಲಿ, ಹೆಸರಿನಿಂದ ಹೆಸರಿಗೆ ಸರಪಳಿ ಎಲ್ಲಿ ಕಡಿದಿದೆಯೋ ಅಲ್ಲಿಗೇ ಹಿಂದಿರುಗಿ ಹೋಗಿ ಕೊಂಡಿ ಹಾಕಿಕೊಂಡು ಬರಬೇಕು, ಅಡ್ಡದಾರಿಯಿಲ್ಲ.

ಹೆಸರಿಗೆ ಇಷ್ಟು ಮಹತ್ವವೇಕೆ? 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಒಂದು ಮೊಕದ್ದಮೆಯಲ್ಲಿ ಇದಕ್ಕೆ ಉತ್ತರವಿದೆ. ಒಬ್ಬನು ತನ್ನ ಕಾರನ್ನು ಮಾರಿದ. ಅದು ಕೈಯಿಂದ ಕೈಗೆ ಹೋಯಿತು. ಯಾರೂ ಹೆಸರು ಬದಲಿಸಲಿಲ್ಲ. ಕಡೆಗೆ ಆ ಕಾರು ಅಪಘಾತಕ್ಕೆ ಸಿಕ್ಕಿ ಒಂದು ಜೀವ ಹೋಯಿತು. ಪರಿಹಾರ ಕೊಡಬೇಕಾದವನು ಯಾರು? ದಾಖಲೆಯಲ್ಲಿ ಹೆಸರಿರುವವನೇ ಎಂದಿತು ನ್ಯಾಯಾಲಯ. ಎಂದೋ ಮಾರಿ ಮರೆತವನಿಗೆ ಇದು ಕ್ರೂರವಾಗಿ ಕಾಣಬಹುದು. ಆದರೆ ಗಾಯಗೊಂಡವನ ಕಡೆಯಿಂದ ನೋಡಿ: ಯಾವ ಯಾವ ಸಂತೆಯಲ್ಲಿ ಯಾರು ಯಾರಿಗೆ ಮಾರಿದರು ಎಂದು ಅವನು ಊರೂರು ಅಲೆಯಬೇಕೇ? ಕಾಯಿದೆಗೆ ಬೇಕಾದದ್ದು ಗಾಡಿಯಿಂದ ಸುಖಪಟ್ಟವನ ಹೆಸರಲ್ಲ, ಅದಕ್ಕಾಗಿ ಉತ್ತರ ಹೇಳುವವನ ಹೆಸರು. ಹಳೆಯ ವಾಹನಗಳ ಅಧಿಕೃತ ವ್ಯಾಪಾರಿಗಳಿಗೆ 2023ರ ಏಪ್ರಿಲ್ 1ರಿಂದ ಬಂದ ನಿಯಮಗಳ ಉದ್ದೇಶವೂ ಇದೇ. ಗಾಡಿ ಅಂಗಡಿಯಲ್ಲಿ ನಿಂತಿರುವ ಅವಧಿಗೂ ಒಬ್ಬ ಹೊಣೆಗಾರನಿರಬೇಕು. ಹಳ್ಳಿಯ ಕಟ್ಟೆಯ ಮೇಲೆ ನಡೆಯುವ ವ್ಯಾಪಾರಕ್ಕೆ ಮಾತ್ರ ಅಂಥ ವ್ಯಾಪಾರಿಯೂ ಇಲ್ಲ, ರಸೀತಿಯೂ ಇಲ್ಲ. "ಉಚ್ಚಂಗೆಮ್ಮನ ಆಣೆ" ಎಂಬ ಮಾತೇ ರಸೀತಿ.

ಕಾಗದಪತ್ರ ಬೇಕೆಂದು ಪಟ್ಟಣದ ಓದುಗರಿಗೆ ಹೇಳುವುದು ಸುಲಭ. ನಮ್ಮ ತಾಲ್ಲೂಕಿನ ಕಥೆಯನ್ನೂ ಸ್ವಲ್ಪ ಕೇಳಬೇಕು. ಹರಪನಹಳ್ಳಿ 1953ರವರೆಗೆ ಮದರಾಸಿಗೆ ಸೇರಿತ್ತು. ಆ ವರ್ಷ ಬಳ್ಳಾರಿಯೊಡನೆ ಮೈಸೂರಿಗೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಕೂತಲ್ಲಿಯೇ ಕೂತ ಮನುಷ್ಯನಿಗೆ ಜಿಲ್ಲೆಗಳು ಬದಲಾಗುತ್ತ ಹೋದವು. ಉಚ್ಚಂಗಿದುರ್ಗದವರಿಗೆ ದಾವಣಗೆರೆ ಹತ್ತಿರ. ಜಿಲ್ಲಾ ಕೇಂದ್ರವಾದ ಹೊಸಪೇಟೆ ಬಲು ದೂರ. ನಮ್ಮ ಬೀದಿಯಲ್ಲಿ ದಾವಣಗೆರೆಯ ಕೆಎ 17ರ ಗಾಡಿಯ ಪಕ್ಕದಲ್ಲೇ ಹೊಸಪೇಟೆಯ ಕೆಎ 35 ನಿಂತಿರುತ್ತದೆ. ಗಾರೆ ಕೆಲಸದವನು ಒಂದು ದಿನ ಕಚೇರಿಗೆ ಹೋದನೆಂದರೆ ಆ ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬಂತು. ಸಾಹೇಬರಿಲ್ಲದಿದ್ದರೆ ಇನ್ನೊಂದು ದಿನವೂ ಹೋಯಿತು. ದಲ್ಲಾಳಿ ಹುಟ್ಟುವುದು ಮನುಷ್ಯನ ಕೆಟ್ಟತನದಿಂದ ಮಾತ್ರವಲ್ಲ, ಕಚೇರಿಯ ದೂರದಿಂದಲೂ ಹೌದು. ಪ್ರಾಮಾಣಿಕತೆಯ ದಾರಿ ಸುಳ್ಳಿನ ದಾರಿಗಿಂತ ದುಬಾರಿಯಾಗಿರುವ ಕಡೆ ಬಡವನನ್ನು ಮಾತ್ರ ದೂರುವುದು ನ್ಯಾಯವಲ್ಲ. ಆದರೂ ದಾರಿ ದುಬಾರಿಯೆಂದರೆ ತಪ್ಪೆಂದು ಅರ್ಥವಾಗುವುದಿಲ್ಲ.

ನೆರೆಯವರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಒಂದೇ: "ಯಾರಿಗೆ ಅನ್ಯಾಯ ಆಗ್ತೈತಿ ಅನ್ನೋದನ್ನ, ಹೋಗಿ ಆ ಮನೆಯವರನ್ನೇ ಕೇಳೋಣ ನಡೀರಿ." ಹೋದೆವು. ಸತ್ತವನ ಹೆಂಡತಿ ಇಬ್ಬರು ಮಕ್ಕಳೊಡನೆ ತವರೂರಿನಲ್ಲಿದ್ದಳು. ಆಕೆ ಹೇಳಿದ್ದಿಷ್ಟು: "ಅವರು ತೀರಿಕೊಂಡ ತಿಂಗಳಿಗೆ ಮೈದುನ ಬಂದು ಗಾಡಿ ಒಯ್ದ, ಅಣ್ಣ. ನಡೆಸ್ತಾನೆ ಅಂತ ಮಾಡಿದ್ದೆ. ಮಾರಿದ್ದು ನನಗೆ ಗೊತ್ತಿಲ್ಲ. ರೊಕ್ಕನೂ ನಮ್ಮ ಕೈಗೆ ಬರಲಿಲ್ಲ." 1956ರ ಹಿಂದೂ ವಾರಸಾ ಕಾಯಿದೆಯ ಪ್ರಕಾರ ಹೆಂಡತಿ, ಮಕ್ಕಳು, ತಾಯಿ ಮೊದಲ ವರ್ಗದ ವಾರಸುದಾರರು, ಅವರಿರುವಾಗ ತಮ್ಮನಿಗೆ ಪಾಲಿಲ್ಲ. ಪಾಲಿಲ್ಲದವನು ಮಾರಿದ್ದ. ಸತ್ತವನ ಸಹಿ ಬರೆದುಬಿಟ್ಟಿದ್ದರೆ ಈ ಹೆಂಗಸಿನ ಮಾತು ಎಂದೆಂದಿಗೂ ಹೂತುಹೋಗುತ್ತಿತ್ತು.

ಪ್ರಶ್ನೆ ಕಠಿಣವಾಗುವುದು ಇಲ್ಲಿಯೇ. ತಪ್ಪು ಮಾಡಿದವನು ಮೈದುನ, ಅವನು ಕಾಣೆ. ಉಳಿದ ಇಬ್ಬರಲ್ಲಿ ಒಬ್ಬಳು ಮೋಸಹೋದವಳು, ಇನ್ನೊಬ್ಬ ನಂಬಿ ಕೊಂಡವನು. ನಷ್ಟ ಒಂದೇ, ಅದನ್ನು ಯಾರು ಹೊರಬೇಕು? ಲೋಕ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. 1804ರ ಫ್ರೆಂಚ್ ಸಂಹಿತೆಯು ಚರ ವಸ್ತುಗಳಲ್ಲಿ ವಶದಲ್ಲಿರುವುದನ್ನೇ ಹಕ್ಕಿನಂತೆ ಎಣಿಸಿ ನಂಬಿ ಕೊಂಡವನ ಪಕ್ಷ ವಹಿಸಿತು. ಕಳುವಾದ, ಕಳೆದುಹೋದ ವಸ್ತುವಿಗೆ ಮಾತ್ರ ಮೂರು ವರ್ಷದ ಗಡುವಿಟ್ಟಿತು. ಇಂಗ್ಲೆಂಡು ಸಾಮಾನ್ಯವಾಗಿ ಮೂಲ ಒಡೆಯನ ಕಡೆ. ಆದರೆ ಅಲ್ಲಿಯೂ ಬಹಿರಂಗ ಸಂತೆಯಲ್ಲಿ ಹಗಲು ಹೊತ್ತು ಒಳ್ಳೆಯ ಮನಸ್ಸಿನಿಂದ ಕೊಂಡವನಿಗೆ ಹಕ್ಕು ಸಲ್ಲುತ್ತದೆಂಬ ಹಳೆಯ ನಿಯಮವೊಂದಿತ್ತು. ಅದನ್ನು ತೆಗೆದುಹಾಕಿದ್ದು 1994ರ ತಿದ್ದುಪಡಿ. ಒಂದು ಪಕ್ಷ ವ್ಯಾಪಾರದ ನಂಬಿಕೆಯನ್ನು ಕಾಯುತ್ತದೆ, ಇನ್ನೊಂದು ಮನೆಯ ಸ್ವತ್ತನ್ನು. ಎರಡೂ ಕಾಯಬೇಕಾದವೇ.

ಕಾಯಿದೆಯನ್ನು ಪಕ್ಕಕ್ಕಿಟ್ಟು ಯೋಚಿಸಿದರೂ ನನಗೆ ತೋರುವುದು ಹೀಗೆ. ಇಬ್ಬರಲ್ಲಿ ಯಾರು ಹೆಚ್ಚು ನಿರಪರಾಧಿ ಎಂದು ತೂಗಲಾಗದು. ಆದರೆ ಯಾರಿಗೆ ಕೇಳುವ ಅವಕಾಶವಿತ್ತು ಎಂದು ನೋಡಬಹುದು. ಕೊಳ್ಳುವವನು ರೊಕ್ಕ ಎಣಿಸುವ ಮೊದಲು "ಆರ್.ಸಿ. ಎಲ್ಲಿ? ಇದರಲ್ಲಿರುವ ಹೆಸರು ಯಾರದು?" ಎಂದು ಕೇಳಬಹುದಿತ್ತು. ಗಂಡನನ್ನು ಮಣ್ಣಿಗಿಟ್ಟು ಒಂದು ತಿಂಗಳಾಗಿದ್ದ ಹೆಂಗಸಿಗೆ ಯಾರನ್ನು ಏನು ಕೇಳುವ ಅವಕಾಶವಿತ್ತು? ಹನ್ನೆರಡು ಸಾವಿರಕ್ಕೆ ಗಾಡಿ ಸಿಕ್ಕಿದ್ದಾದರೂ ಏಕೆ? ಕಾಗದವಿಲ್ಲ ಎಂಬುದರ ರಿಯಾಯಿತಿಯೇ ಅದು. ಆ ರಿಯಾಯಿತಿಯನ್ನು ಪಡೆದವನು ಅದರ ಅಪಾಯವನ್ನೂ ಹೊರುವುದು ನ್ಯಾಯ.

ಇದನ್ನು ಹೇಳಲು ನನಗೆ ಸಂಕೋಚವಾಯಿತು, ಕಳೆದುಕೊಳ್ಳುವವನು ನಾನಲ್ಲವಲ್ಲ. ಆದರೆ ನೆರೆಯವರು ನನ್ನ ಮಾತಿಗೆ ಕಾಯಲಿಲ್ಲ. ಬಹಳ ಹೊತ್ತು ಸುಮ್ಮನೆ ಕೂತಿದ್ದು, "ತಂಗೀ, ನಿನ್ನ ಲೆಕ್ಕದಾಗ ಅದು ಎಷ್ಟಕ್ಕ ಬಾಳ್ತೈತಿ?" ಎಂದು ಕೇಳಿದರು. ಆಕೆ ಎಂಟು ಸಾವಿರವೆಂದಳು. ನಾಲ್ಕು ಕಂತಿನಲ್ಲಿ ಕೊಡುವುದೆಂದಾಯಿತು. ಆಕೆ ಮರಣಪತ್ರ ಇಟ್ಟು 31ನೆಯ ನಮೂನೆ ತುಂಬಿದಳು. ತನ್ನ ಹೆಸರಿಗೆ ಆದ ಮೇಲೆ ಉಳಿದೆರಡಕ್ಕೂ ಸಹಿ ಹಾಕಿದಳು. ಮೈದುನನ ಮೇಲೆ ದಾವಾ ಹೂಡುವ ಹಕ್ಕು ನೆರೆಯವರಿಗೆ ಈಗಲೂ ಉಂಟು. ಆ ಹನ್ನೆರಡು ಸಾವಿರಕ್ಕಾಗಿ ವಕೀಲರಿಗೆ ಎಷ್ಟು ಕೊಡಬೇಕೆಂಬ ಲೆಕ್ಕ ಹಾಕಿ ಅವರು ಸುಮ್ಮನಿದ್ದಾರೆ. ಒಂದೇ ಗಾಡಿಗೆ ಎರಡು ಸಲ ರೊಕ್ಕ ಕೊಟ್ಟವರೆಂದು ಊರಿನಲ್ಲಿ ನಗುವವರಿದ್ದಾರೆ.

ನಗುವವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಒಡೆತನವೆಂದರೆ ವಸ್ತುವಿನ ಮೇಲಿನ ಅಧಿಕಾರ ಮಾತ್ರ ಎಂದು ತಿಳಿದವರ ಲೆಕ್ಕ ಅದು. ನಮ್ಮ ಹಳೆಯ ದಾನಶಾಸನಗಳಲ್ಲಿ ಕೊಟ್ಟವನ ಹೆಸರು, ಪಡೆದವನ ಹೆಸರು, ಎಲ್ಲೆ, ಎಷ್ಟೋ ಕಡೆ ಸಾಕ್ಷಿಗಳು, ಕಡೆಗೆ ಅಳುಪಿದವನಿಗೆ ಶಾಪ—ಇಷ್ಟನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಇದು ಯಾರದೆಂದು ಯಾರು ಬಂದು ಕೇಳಿದರೂ, ನೂರು ವರ್ಷದ ಮೇಲೆ ಕೇಳಿದರೂ, ಉತ್ತರವಿರಲೆಂದು. ಆರ್.ಸಿ. ಎಂಬುದು ಅಂಥದೇ ಒಂದು ಚಿಕ್ಕ ಶಾಸನ. ಅದನ್ನು ಸರಿಪಡಿಸಲು ಹೊರಡುವವನು 'ಇದು ನಿನ್ನದಲ್ಲ' ಎಂಬ ಉತ್ತರ ಬಂದರೂ ಕೇಳಿಸಿಕೊಳ್ಳುತ್ತೇನೆಂದು ಒಪ್ಪಿಯೇ ಹೊರಡಬೇಕು. ಆ ಒಪ್ಪಿಗೆ ಇಲ್ಲದಿದ್ದರೆ ಕಳ್ಳಸಹಿಗೂ ನಿಜವಾದ ಸಹಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡೂ ಬರಿಯ ಶಾಯಿಯೇ.