ಗಾಜಿನ ಕಡಲೂ ತಂಡುಲಮತ್ಸ್ಯವೂ

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಮೊದಲು ಹೆಸರಿಸುವುದು ವಧೆಯನ್ನಲ್ಲ, ಬಂಧವನ್ನು. ನಿತ್ಯವೂ ಸೂತ್ರಪಾಠ ನಡೆಯುವ ಮನೆಗಳಲ್ಲಿಯೂ ಈ ಕ್ರಮದತ್ತ ಗಮನ ಹರಿಯುವುದು ವಿರಳ. ಪ್ರಾಣಿಯು ತಾನು ಬಯಸಿದ ಎಡೆಗೆ ಹೋಗದಂತೆ ತಡೆಯುವುದೇ ಬಂಧವೆಂಬ ಅರ್ಥದಲ್ಲಿ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಅದಕ್ಕೆ ಹಗ್ಗವೇ ಆಗಬೇಕೆಂದಿಲ್ಲ, ಗಾಜಾದರೂ ಸಾಕು.

ಇಂದು ನಮ್ಮ ಕೆಲವು ಶ್ರಾವಕ ಕುಟುಂಬಗಳ ಮಕ್ಕಳು ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದಾರೆ. ಊರಿನಿಂದ ಬಂದ ತಂದೆತಾಯಿಗಳನ್ನು ಅವರು ಕರೆದೊಯ್ಯುವ ಪ್ರೇಕ್ಷಣೀಯ ಸ್ಥಳಗಳಲ್ಲಿ ಮಾಂಟೆರೆ ಕೊಲ್ಲಿಯ ದಡದ ಮತ್ಸ್ಯಾಲಯವೂ ಒಂದು. 1984ರಲ್ಲಿ ಅದು ತೆರೆಯಿತು. ಅದಕ್ಕೆ ಮೊದಲು ಅಲ್ಲಿದ್ದುದು, ನಮ್ಮ ಕರಾವಳಿಯ ಭೂತಾಯಿಯ ಬಳಗಕ್ಕೆ ಸೇರಿದ ಸಾರ್ಡಿನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ. ಕೊಲ್ಲಿಯಲ್ಲಿ ಆ ಮೀನು ಬರಿದಾಗಿ, ಸಾಲುಗಟ್ಟಿ ನಿಂತಿದ್ದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹೀಗೆ ವಧೆಯ ಮನೆಯು ಬಂಧದ ಮನೆಯಾಯಿತು. ಇದನ್ನು ಏರಿಕೆಯೆಂದೇ ಒಪ್ಪಬೇಕು. ಆದರೆ ಏರಬೇಕಾದ ಮೆಟ್ಟಿಲುಗಳು ಮುಗಿದವೆಂದಲ್ಲ.

ಅಲ್ಲಿ 28 ಅಡಿ ಎತ್ತರದ ತೊಟ್ಟಿಯೊಂದಿದೆ. ಅದರಲ್ಲಿ ಕೆಲ್ಪ್ ಎಂಬ ಕಡಲಸಸ್ಯವು ಕಾಡಿನಂತೆ ಬೆಳೆದು ತೂಗಾಡುತ್ತದೆ. ನೀರು ಪಕ್ಕದ ಕೊಲ್ಲಿಯದೇ. ಮೀನುಗಳೂ ಬಹುಮಟ್ಟಿಗೆ ಆ ಕೊಲ್ಲಿಯವೇ. ಗೋಡೆಯಾಚೆ ಅದೇ ಕಡಲು ಭೋರ್ಗರೆಯುತ್ತದೆ. ಆಹಾರಕ್ಕೆ ಕೊರತೆಯಿಲ್ಲ, ಆದ್ದರಿಂದ ಅನ್ನಪಾನನಿರೋಧದ ದೋಷವಿಲ್ಲ, ಅತಿಭಾರಾರೋಪಣವೂ ಇಲ್ಲ ಎಂದು ಸಮಾಧಾನ ಹೇಳುವವರುಂಟು. ಬಂಧ ಮಾತ್ರ ಉಳಿಯಿತು. ಇಷ್ಟಕ್ಕೂ ಆ ಆಹಾರವಾದರೂ ಏನು? ಇನ್ನೊಂದು ಜೀವದ ದೇಹವೇ.

ಪ್ರಶ್ನೆಯು ತೊಡಕಾಗುವುದು ಕಡಲ ನೀರುನಾಯಿಗಳ ವಿಷಯದಲ್ಲಿ. ತುಪ್ಪುಳಿನ ಆಸೆಗೆ ಮನುಷ್ಯರು ಆ ಕುಲವನ್ನು ಹಿಂದೆ ಅಳಿವಿನಂಚಿಗೆ ತಂದಿದ್ದರು. ಇಂದು ತಾಯಿಯಿಂದ ಅಗಲಿ ದಡಕ್ಕೆ ಬಂದು ಬಿದ್ದ ಮರಿಗಳನ್ನು ಈ ಮತ್ಸ್ಯಾಲಯದವರು ಎತ್ತಿ ತಂದು, ಹಿರಿಯ ಹೆಣ್ಣು ನೀರುನಾಯಿಗೆ ಒಪ್ಪಿಸಿ ಸಾಕಿಸಿ, ಮತ್ತೆ ಕಡಲಿಗೆ ಬಿಡುತ್ತಾರೆ. ಇದು ಕರುಣೆಯಲ್ಲವೆಂದು ಯಾರು ಹೇಳಬಲ್ಲರು? ಆದರೆ ಬೆಳೆದ ನೀರುನಾಯಿಯು ದಿನವೊಂದಕ್ಕೆ ತನ್ನ ತೂಕದ ಸುಮಾರು ಕಾಲುಭಾಗದಷ್ಟನ್ನು ತಿನ್ನುತ್ತದೆ. ಒಂದು ಪಂಚೇಂದ್ರಿಯ ಜೀವದ ರಕ್ಷಣೆಗೆ ಸಿಂಪಿಯಂತಹ ದ್ವೀಂದ್ರಿಯ ಜೀವಗಳು ಅದೆಷ್ಟೋ ಅಳಿಯುತ್ತವೆ. ಪ್ರವೇಶಕ್ಕೆ ತೆತ್ತ ಹಣವು ಬಂಧಕ್ಕೂ ಅನುಮೋದನೆ, ಕರುಣೆಗೂ ಅನುಮೋದನೆ. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಬಲ್ಲ ವ್ರತಿಯು ಆ ನಾಣ್ಯವನ್ನು ಎರಡಾಗಿ ಸೀಳಲಾರನು.

ಹಾಗಾದರೆ ಬರಿಯ ನೋಟಕನಿಗೆ ಪಾಪವೇನು? ಇದಕ್ಕೆ ಉತ್ತರವನ್ನು ನಮ್ಮ ಕಥೆಗಳಲ್ಲಿ ಮೀನೇ ಹೇಳಿದೆ. ಸ್ವಯಂಭೂರಮಣ ಸಮುದ್ರದಲ್ಲಿ ಮಹಾಮತ್ಸ್ಯವು ಬಾಯಿ ತೆರೆದು ಮಲಗಿರಲು ಮೀನುಗಳು ಒಳಹೊಕ್ಕು ಹೊರಬರುತ್ತಿದ್ದವು. ಅದರ ಕಿವಿಯಲ್ಲಿದ್ದ ಅಕ್ಕಿಕಾಳಿನಷ್ಟು ಗಾತ್ರದ ತಂಡುಲಮತ್ಸ್ಯವು, ತನಗೆ ಇಂತಹ ದೇಹವಿದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಭಾವಿಸಿತು. ಅದು ಕೊಂದುದೇನೂ ಇಲ್ಲ. ನೋಡಿತು, ಬಯಸಿತು, ಏಳನೆಯ ನರಕಕ್ಕಿಳಿಯಿತು. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಇದನ್ನು ಸ್ಮರಿಸಿದ್ದಾರೆ. ಗಾಜಿನ ಮುಂದೆ ನಿಂತು, ದೊಡ್ಡ ಮೀನು ಚಿಕ್ಕದನ್ನು ಯಾವಾಗ ಹಿಡಿದೀತೆಂದು ಕಾಯುವ ಮಗುವಿಗೆ ಈ ಕಥೆಯನ್ನು ಹೇಳುವವರು ಯಾರು? ಸಮಂತಭದ್ರಾಚಾರ್ಯರು ಅಪಧ್ಯಾನವೆಂದು ಕರೆದ ಅನರ್ಥದಂಡವು ಇಂತಹ ಹಂಬಲವೇ.

2004ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಬಿಳಿ ಶಾರ್ಕಿನ ಮರಿಯೊಂದನ್ನು ತಂದರು. 198 ದಿನ ಅದು ತೊಟ್ಟಿಯಲ್ಲಿತ್ತು. ಜೊತೆಯ ಎರಡು ಶಾರ್ಕುಗಳು ಅದರ ಕಡಿತದಿಂದ ಸತ್ತ ಬಳಿಕ 2005ರ ಮಾರ್ಚಿನಲ್ಲಿ ಅದನ್ನು ಕಡಲಿಗೆ ಬಿಟ್ಟರು. 2011ರವರೆಗೆ ಇನ್ನೂ ಐದನ್ನು ತಂದಿಟ್ಟು, ಆಮೇಲೆ ಆ ಪ್ರಯತ್ನವನ್ನೇ ಕೈಬಿಟ್ಟರು. ವ್ರತವೆಂಬ ಹೆಸರು ಅದಕ್ಕಿಲ್ಲದಿರಬಹುದು, ಮಿತಿಯೊಂದಂತೂ ಏರ್ಪಟ್ಟಿತು.

ನೇಮಿಕುಮಾರರು ಕಂಡುದೂ ಬಂಧವನ್ನೇ. ಮದುವೆಯ ದಿಬ್ಬಣದ ದಾರಿಯಲ್ಲಿ ಕೂಡಿಹಾಕಿದ್ದ ಮೃಗಗಳ ಕೂಗು ಕಿವಿಗೆ ಬಿದ್ದಿತು. ರಥವು ಊರ್ಜಯಂತದತ್ತ ತಿರುಗಿತು. ಕಂಡುದು ಒಂದೇ ಬಗೆಯದಾದರೂ ತಂಡುಲಮತ್ಸ್ಯದ ಕಣ್ಣು ಬೇರೆ, ಆ ಕಣ್ಣು ಬೇರೆ. ಆದುದರಿಂದ ಮತ್ಸ್ಯಾಲಯವನ್ನು ಹೊಕ್ಕವರೆಲ್ಲ ಪತಿತರೆಂದು ಸಾರುವುದು ಸಲ್ಲದು.

ಆದರೂ ಅಷ್ಟಮಿ, ಚತುರ್ದಶಿಗಳಂದು ಪ್ರೋಷಧೋಪವಾಸ ಹಿಡಿದವರು ಅಲ್ಲಿಗೆ ಹೋಗದಿರುವುದೇ ಲೇಸು. ತಮ್ಮ ಆಹಾರವನ್ನು ತ್ಯಜಿಸಿದ ದಿನ ಪರರ ಆಹಾರದ ವೇಳೆಯನ್ನು ವಿನೋದಕ್ಕಾಗಿ ಕಾಯುವುದು ಆ ವ್ರತಕ್ಕೆ ಒಗ್ಗದು. ಮೊಮ್ಮಕ್ಕಳು ಹಟಮಾಡಿದರೆ ದಾರಿಯಿಲ್ಲದಿಲ್ಲ. ಕಟ್ಟಡದ ಬಳಿಯಲ್ಲೇ ಕಡಲ ದಂಡೆಗುಂಟ ಸಾರ್ವಜನಿಕ ಕಾಲುದಾರಿಯಿದೆ, ಅದಕ್ಕೆ ಟಿಕೆಟ್ಟಿಲ್ಲ. ತಾಳ್ಮೆಯಿಂದ ನಿಂತರೆ, ಕೆಲ್ಪಿನ ಎಳೆಗಳ ನಡುವೆ ನೀರುನಾಯಿಗಳು ಅಂಗಾತ ತೇಲುವುದು ಅಲ್ಲಿಂದಲೂ ಕಂಡೀತು; ಕೆಲವು ದಿನ ಏನೂ ಕಾಣದೆಯೂ ಇರಬಹುದು.