ಒರೆ ಹೊಲಿಯುವವರ ಪಾಲು

ಪಿಸ್ತೂಲು ತಯಾರಿಸುವವರ ಬಗ್ಗೆ, ಹಾರಿಸುವವರ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ. ಅದಕ್ಕೆ ಚರ್ಮದ ಒರೆ ಹೊಲಿಯುವವರ ಬಗ್ಗೆ ಮಾತಾಡಿದ್ದು ಕಡಿಮೆ. ನಾಳೆ ಆ ಪಿಸ್ತೂಲಿನಿಂದ ಒಂದು ಜೀವ ಹೋದರೆ, ಒರೆ ಹೊಲಿದ ಕೈಗೂ ಅದರಲ್ಲಿ ಪಾಲಿದೆಯೇ?

ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಬುದ್ಧ ಹೆಸರಿಸಿದ್ದಾನೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಪಟ್ಟಿ ಶುರುವಾಗುವುದೇ ಆಯುಧದಿಂದ. ಆದರೆ ಒರೆಯನ್ನು ಆಯುಧ ಎನ್ನಬಹುದೇ? ಅದರಿಂದ ಯಾರೂ ಸಾಯುವುದಿಲ್ಲ. ಹಾಗೆಂದು ಆಯುಧವಿಲ್ಲದೆ ಅದಕ್ಕೆ ಅರ್ಥವೂ ಇಲ್ಲ.

ಉತ್ತರ ಹುಡುಕುವ ಮೊದಲು ಕೆಲಸವನ್ನೇ ನೋಡಬೇಕು. ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ ಬೆಲ್ಟು, ಬ್ಯಾಗು ಹೊಲಿಯುವ ಹಿರಿಯರೊಬ್ಬರು ಅಪರೂಪಕ್ಕೊಮ್ಮೆ ಹೋಲ್‌ಸ್ಟರ್ ಕೂಡ ಮಾಡಿಕೊಡುತ್ತಾರೆ. ಅದಕ್ಕೆ ತೊಗಟೆಯ ನೀರಿನಲ್ಲಿ ಹದ ಮಾಡಿದ ಚರ್ಮವೇ ಬೇಕು. ನಮ್ಮ ಕಡೆ ಹಿಂದಿನಿಂದಲೂ ತಂಗಡಿ ಗಿಡದ ತೊಗಟೆ ಈ ಹದಕ್ಕೆ ಒದಗಿದೆ. ಕ್ರೋಮಿಯಂ ಲವಣದಲ್ಲಿ ಹದಗೊಂಡ ಮೆತ್ತನೆಯ ಚರ್ಮ ಒತ್ತಿದ ಆಕಾರವನ್ನು ಹಿಡಿದುಕೊಳ್ಳುವುದಿಲ್ಲ. ಸುಮಾರು 3 ಮಿಲಿಮೀಟರ್ ದಪ್ಪದ ಚರ್ಮವನ್ನು ರಟ್ಟಿನ ಅಚ್ಚಿಟ್ಟು ಗುರುತು ಮಾಡಿ, ರಂಪಿಗೆಯಿಂದ ಕೊಯ್ದು, ಅಂಚಿನುದ್ದಕ್ಕೂ ಸಮ ಅಂತರದಲ್ಲಿ ತೂತು ಹಾಕುತ್ತಾರೆ. ಮೇಣ ಸವರಿದ ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಎರಡೂ ಸೂಜಿಗಳು ಎದುರುಬದುರಾಗಿ ಹಾಯುತ್ತವೆ. ಹಾಗಾಗಿ ಒಂದು ಹೊಲಿಗೆ ಹರಿದರೂ ಸಾಲು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಆಮೇಲೆ ಚರ್ಮವನ್ನು ಒದ್ದೆ ಮಾಡಿ, ಪಿಸ್ತೂಲಿನ ಅಳತೆಗೆ ಕೆತ್ತಿದ ಮರದ ತುಂಡನ್ನು ಒಳಗಿಟ್ಟು, ಬೆರಳಿನಿಂದ ಒತ್ತಿ ಒತ್ತಿ ಆಕಾರ ಕೂರಿಸಿ ನೆರಳಲ್ಲಿ ಒಣಗಿಸುತ್ತಾರೆ.

ಅವರು ಹೆಚ್ಚು ಹೊತ್ತು ಕೊಡುವುದು ಟ್ರಿಗರ್ ಇರುವ ಜಾಗಕ್ಕೆ. ಅಲ್ಲಿ ಚರ್ಮ ಗಟ್ಟಿಯಾಗಿ ಕೂತಿರಬೇಕು, ಹೊರಗಿನಿಂದ ಬೆರಳು ಹೋಗಬಾರದು. ಯಾಕೆ ಇಷ್ಟು ಕಾಳಜಿ ಎಂದು ಕೇಳಿದೆ. "ನೋಡಿ ಸಾರ್, ಬೆಲ್ಟ್ ಸರಿಯಿಲ್ಲ ಅಂದ್ರೆ ಪ್ಯಾಂಟ್ ಜಾರುತ್ತೆ, ಅಷ್ಟೆ. ಇದು ಸರಿಯಿಲ್ಲ ಅಂದ್ರೆ ಅವ್ರ ತೊಡೆಗೇ ಗುಂಡು ಬೀಳುತ್ತೆ" ಎಂದರು.

ಈ ಮಾತಿನಲ್ಲಿ ಒಂದು ವಾದವಿದೆ. ಪಿಸ್ತೂಲು ಹಾರಲೆಂದು ಇದೆ, ಒರೆ ಅದನ್ನು ತಡೆದಿಡಲೆಂದು ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳೂ ಇದನ್ನು ಒಪ್ಪುತ್ತವೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒರೆಯಲ್ಲೋ ಅಂಥದ್ದೇ ಚೀಲದಲ್ಲೋ ಪೂರ್ತಿ ಮುಚ್ಚಿಯೇ ಒಯ್ಯಬೇಕು. ಕಾನೂನಿನ ಕಣ್ಣಲ್ಲಿ ಒರೆ ಒಂದು ಸಂಯಮದ ಸಾಧನ.

ಆದರೆ ಈ ವಾದ ಅರ್ಧ ದಾರಿಗೆ ನಿಲ್ಲುತ್ತದೆ. ಒರೆ ಇಲ್ಲದಿದ್ದರೆ ಪಿಸ್ತೂಲು ಬೀರುವಿನಲ್ಲಿ ಉಳಿಯುತ್ತಿತ್ತೇನೋ. ಒರೆ ಅದನ್ನು ಸೊಂಟಕ್ಕೆ ತರುತ್ತದೆ, ಮದುವೆ ಮನೆಗೆ, ಜಮೀನಿನ ಪಂಚಾಯ್ತಿಗೆ ಕರೆದೊಯ್ಯುತ್ತದೆ. ಅಂಗಿಯ ಕೆಳಗೆ ಉಬ್ಬಿ ನಿಂತ ಚರ್ಮವನ್ನು ನೋಡಿಯೇ ಎದುರಿನವರ ದನಿ ತಗ್ಗುವುದುಂಟು. ಹಾರಿಸದೆಯೂ ಪಿಸ್ತೂಲು ಕೆಲಸ ಮಾಡುತ್ತದೆ, ಆ ಕೆಲಸಕ್ಕೆ ಒರೆಯೂ ಒದಗುತ್ತದೆ. ಆದ್ದರಿಂದ ಹೊಲಿದವರು ಪೂರ್ತಿ ಹೊರಗಿನವರೆಂದು ನಾನು ಹೇಳಲಾರೆ.

ಹಾಗಾದರೆ ಪಾಲೆಷ್ಟು? ಇಲ್ಲಿ ನಮ್ಮದೇ ಪಶ್ಚಿಮ ಬೆಂಗಳೂರಿನ ಒಂದು ರಾತ್ರಿಯನ್ನು ನೆನೆಯಬೇಕು. 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿನಗರದಲ್ಲಿ ಗೌರಿ ಲಂಕೇಶ್ ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಕೊಂದದ್ದೂ ಅದೇ 7.65 ಮಿ.ಮೀ. ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ನಾಡಪಿಸ್ತೂಲಿಗೆ ಪರವಾನಗಿ ಇರುವುದಿಲ್ಲ, ಲೆಕ್ಕದಲ್ಲಿ ಅದರ ಸಂಖ್ಯೆ ಇರುವುದಿಲ್ಲ. ಅದನ್ನು ಹಿಡಿದವರು ಅಳತೆ ಕೊಟ್ಟು ಒರೆ ಹೊಲಿಸಲು ಅಂಗಡಿಯ ಮೆಟ್ಟಿಲು ಹತ್ತುವುದೂ ಅಪರೂಪ.

ಇದರಿಂದ ಒರೆಗೆ ಪಾಪಮುಕ್ತಿ ಸಿಗುವುದಿಲ್ಲ, ಪರವಾನಗಿ ಇರುವ ಪಿಸ್ತೂಲೂ ಕೊಲ್ಲಬಲ್ಲದು. ಒಂದು ಅಳತೆಗೋಲು ಮಾತ್ರ ಸಿಗುತ್ತದೆ. ಯಾರಿಗೆ ಎಷ್ಟು ತಿಳಿಯುವ ಅವಕಾಶವಿತ್ತು, ಬೇಡ ಎನ್ನುವ ಅವಕಾಶ ಎಷ್ಟಿತ್ತು ಎಂಬುದೇ ಆ ಅಳತೆ. ರಾಜಾಜಿನಗರದ ಆ ಹಿರಿಯರು ಪರವಾನಗಿ ತೋರಿಸದವರಿಗೆ ಹೊಲಿಯುವುದಿಲ್ಲ. ಅದು ಅವರು ತಾವಾಗಿಯೇ ಹಾಕಿಕೊಂಡ ಕಟ್ಟು. ಅವರ ಕೈಲಾದ ತಿಳಿವು ಅಷ್ಟು, ಅಷ್ಟಕ್ಕೆ ಅವರು ಜವಾಬ್ದಾರರು. ಪರವಾನಗಿಗೆ ಸಹಿ ಹಾಕಿದ ಅಧಿಕಾರಿಗೆ ಹೆಚ್ಚು ತಿಳಿದಿತ್ತು. ಸೊಂಟಕ್ಕೆ ಕಟ್ಟಿಕೊಂಡವರಿಗೆ ಎಲ್ಲರಿಗಿಂತ ಹೆಚ್ಚು ತಿಳಿದಿತ್ತು.

ಆದರೆ ನಮ್ಮ ಸಮಾಜ ಪಾಲು ಹಂಚಿದ್ದು ಈ ಅಳತೆಯಿಂದಲ್ಲ, ಮುಟ್ಟಿದ್ದರಿಂದ. ಸತ್ತ ದನದ ಚರ್ಮ ಮುಟ್ಟಿದ ಕೈಗೆ ಮೈಲಿಗೆ ಅಂಟಿಸಿ ಊರ ಹೊರಗಿಟ್ಟಿತು. ಅದೇ ಚರ್ಮದ ಒರೆಯಿಂದ ಕತ್ತಿ ಹಿರಿದು ಮನುಷ್ಯರನ್ನು ಕೊಂದ ಕೈಗೆ ವೀರನೆಂದು ಕಲ್ಲು ನಿಲ್ಲಿಸಿತು. ಹೊಲಿದವರನ್ನು ಪಾಪದಲ್ಲಿ ಪಾಲುದಾರರೇ ಎಂದು ಇವತ್ತು ಕೇಳುವಾಗ ಈ ಹಳೆಯ ಲೆಕ್ಕ ನಮಗರಿವಿಲ್ಲದೆ ಒಳಗೆ ನುಸುಳುತ್ತದೆ. ಚರ್ಮದ ಕೆಲಸ ಎಂದ ಕೂಡಲೇ ಕಳಂಕ ಹುಡುಕುವ ಅಭ್ಯಾಸ ನಮ್ಮದು. ರೈಫಲ್ ಕಾರ್ಖಾನೆಯ ಎಂಜಿನಿಯರರನ್ನು ನಾವು ಇಷ್ಟು ಸಲೀಸಾಗಿ ಈ ಪ್ರಶ್ನೆ ಕೇಳುವುದಿಲ್ಲ.

ಬಸವೇಶ್ವರನಗರ ಎಂದು ಬಡಾವಣೆಗೆ ಹೆಸರಿಟ್ಟುಕೊಂಡ ನಮಗೆ ಹರಳಯ್ಯನ ಕಥೆ ಗೊತ್ತು. ಬಸವಣ್ಣ ತನಗೆ ಇಮ್ಮಡಿ ಶರಣೆಂದ ಋಣಕ್ಕೆ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದರಂತೆ. ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡನಂತೆ. ಕಥೆಯನ್ನು ಭಕ್ತಿಯದೆಂದು ಓದಿದರೂ ಅದರೊಳಗೊಂದು ಲೆಕ್ಕ ತಿದ್ದುಪಡಿಯಾಗಿದೆ: ಹೊಲಿದವರ ಹೆಸರು ಉಳಿದಿದೆ, ತೊಡಬೇಕಾದವನು ತನಗೆ ಅರ್ಹತೆ ಇದೆಯೇ ಎಂದು ಕೇಳಿಕೊಂಡಿದ್ದಾನೆ.

ಪಿಸ್ತೂಲಿನ ಒರೆಯ ವಿಷಯದಲ್ಲೂ ಪ್ರಶ್ನೆ ಆ ಕಡೆಯಿಂದ ಶುರುವಾಗಬೇಕು ಎನ್ನಿಸುತ್ತದೆ. ಮೊದಲು ಒರೆಗೆ ಹಚ್ಚಬೇಕಾದದ್ದು ತೊಡುವವರನ್ನು. ಹೊಲಿಯುವವರ ಸರದಿ ಖಂಡಿತ ಬರುತ್ತದೆ, ಆದರೆ ಅದು ಕೊನೆಯದು.