ಸೋಮಸೂತ್ರ ದಾಟದ ನಡಿಗೆ

“ಅಲ್ಲ ಮಾರಾಯ್ತಿ, ಈ ಶನಿವಾರ ಎಂಟು ಮೈಲಿ, ಆಮೇಲೆ ಬಿಡುವಾದಾಗ ಹತ್ತು ಮೈಲಿ. ಹೀಗೆ ಚೂರುಪಾರು ನಡೆದದ್ದನ್ನೆಲ್ಲ ಕೂಡಿಸಿ ಪೂರ್ತಿ ನಡೆದೆ ಅಂತ ಹೇಳಿಕೊಂಡರೆ ಅದು ಯಾವ ನ್ಯಾಯ?”

ಕೇಳಿದವರು ನನ್ನ ಭಾವ, ಕಾರು ಓಡಿಸುತ್ತಾ. ತಮಾಷೆಯ ಪ್ರಶ್ನೆಯಲ್ಲ ಅದು. ತೀರ್ಥಹಳ್ಳಿ ಕಡೆಯಿಂದ ಬಂದು ಮೇರಿಲ್ಯಾಂಡಿನಲ್ಲಿ ಬೇರು ಬಿಟ್ಟ ಮೇಲೂ ಏಕಾದಶಿ ತಪ್ಪಿಸದವರು ಅವರು. ಸಂಕಲ್ಪ ಮಾಡಿ ಕೂತವನು ನಡುವೆ ಎದ್ದು ಫೋನ್ ಎತ್ತಿದರೆ ಪೂಜೆಯೇ ಕೆಟ್ಟಿತು ಎನ್ನುವ ಪಂಗಡ.

ನಾನು ನಡೆಯುತ್ತಿರುವುದು ಅಪಲಾಚಿಯನ್ ಟ್ರೇಲ್. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇಯ್ನ್ ರಾಜ್ಯದ ಕಟಾಡಿನ್ ಶಿಖರದವರೆಗೆ, 14 ರಾಜ್ಯಗಳ ಬೆನ್ನೇರಿ ಹೋಗುವ ಸುಮಾರು 3,500 ಕಿಲೋಮೀಟರಿನ ಕಾಲುದಾರಿ. ಐದಾರು ತಿಂಗಳು ಎಲ್ಲ ಬಿಟ್ಟು ಒಂದೇ ಸಮ ನಡೆದು ಮುಗಿಸುವವರು ಥ್ರೂ ಹೈಕರ್‌ಗಳು. ನೌಕರಿ, ಸಂಸಾರ, ಮಂಡಿನೋವು ಮೂರನ್ನೂ ಸಂಭಾಳಿಸಿಕೊಂಡು ವಾರಾಂತ್ಯಕ್ಕಷ್ಟು ನಡೆಯುವ ನನ್ನಂಥವರು ಸೆಕ್ಷನ್ ಹೈಕರ್‌ಗಳು. ನಮಗೆ ಎರಡು ಕಾರು ಬೇಕು. ಮುಗಿಯುವ ಕಡೆ ನನ್ನದನ್ನು ನಿಲ್ಲಿಸಿ, ಶುರುವಾಗುವ ಕಡೆಗೆ ಭಾವನ ಕಾರಿನಲ್ಲಿ ಹೋಗಬೇಕು. ಕೆಲವು ಸಲ ನಡೆದದ್ದಕ್ಕಿಂತ ಕಾರಿನಲ್ಲಿ ಕೂತದ್ದೇ ಜಾಸ್ತಿ. ಅಕ್ಕ ಕಟ್ಟಿಕೊಡುವ ಪುಳಿಯೋಗರೆ ಅರ್ಧಕ್ಕರ್ಧ ದಾರಿಯಲ್ಲೇ ಖರ್ಚಾಗುತ್ತದೆ.

ಬೂನ್ಸ್‌ಬರೊ ಊರಿನ ಆಚೆ ಈ ಟ್ರೇಲ್ 70ನೇ ಅಂತರರಾಜ್ಯ ಹೆದ್ದಾರಿಯನ್ನು ಒಂದು ಕಾಲುಸೇತುವೆಯ ಮೇಲೆ ದಾಟುತ್ತದೆ. ಎರಡೂ ಕಡೆ ತಂತಿಬಲೆ. ಕೆಳಗೆ ದೊಡ್ಡ ಟ್ರಕ್ಕು ಹಾದರೆ ಅದರ ನಡುಕ ಶೂ ದಾಟಿ ಅಂಗಾಲಿಗೆ ಬರುತ್ತದೆ. ಅದರಡಿಯಲ್ಲಿ ವರ್ಷಗಟ್ಟಲೆ ಓಡಾಡಿದ್ದೆ, ತಲೆಯೆತ್ತಿ ನೋಡಿದವಳಲ್ಲ. ಒಂದು ಶನಿವಾರದ ನಡಿಗೆ ಈ ಸೇತುವೆಯ ದಕ್ಷಿಣದ ತುದಿಯಲ್ಲಿ ನಿಂತಿತ್ತು. ಮುಂದಿನ ಬಾರಿ ಭಾವ ನನ್ನನ್ನು ಇಳಿಸಿದ್ದು ಉತ್ತರದ ಕಡೆ, ಹಳೇ 40ನೇ ರಸ್ತೆಯ ಪಾರ್ಕಿಂಗಿನಲ್ಲಿ. ನಾನು ಉತ್ತರಕ್ಕೆ ಹೊರಡದೆ ದಕ್ಷಿಣಕ್ಕೆ ತಿರುಗಿ, ಸೇತುವೆ ದಾಟಿ, ಹಿಂದಿನ ಸಲ ಕೊನೆಗೆ ಮುಟ್ಟಿದ್ದ ಬಿಳಿ ಪಟ್ಟೆಯನ್ನು ಮುಟ್ಟಿ ಬಂದೆ. ದಾರಿಯುದ್ದಕ್ಕೂ ಮರಕ್ಕೋ ಕಂಬಕ್ಕೋ ಬಳಿದಿರುವ, ಎರಡಿಂಚು ಅಗಲ ಆರಿಂಚು ಉದ್ದದ ಬಿಳಿ ಬಣ್ಣ ಅದು. ಗುರುತು ಅಂತ ಇರುವುದು ಅಷ್ಟೇ.

“ಅದನ್ನು ಮುಟ್ಟದಿದ್ದರೆ ಯಾರಿಗೆ ಗೊತ್ತಾಗ್ತಿತ್ತು?” ಅಂದರು ಭಾವ.

ಯಾರಿಗೂ ಇಲ್ಲ. ಟ್ರೇಲ್ ನೋಡಿಕೊಳ್ಳುವ ಅಪಲಾಚಿಯನ್ ಟ್ರೇಲ್ ಕನ್ಸರ್ವೆನ್ಸಿ ಪೂರ್ತಿ ನಡೆದವರನ್ನು ‘2000 ಮೈಲರ್’ ಎಂದು ದಾಖಲಿಸುತ್ತದೆ. ಆದರೆ ಸಾಕ್ಷಿ ಕೇಳುವುದಿಲ್ಲ, ನಡೆದವರ ಮಾತೇ ಆಧಾರ. ಒಂದೇ ಉಸಿರಿಗೋ ತುಂಡುತುಂಡಾಗಿಯೋ, ಉತ್ತರಕ್ಕೋ ದಕ್ಷಿಣಕ್ಕೋ ಎಂಬ ಭೇದವನ್ನೂ ಮಾಡುವುದಿಲ್ಲ. ದೇವರ ಲೆಕ್ಕವೂ ಹೀಗೇ ಇದ್ದೀತು ಅಂದೆ. ಭಾವ ಕೋಪಿಸಿಕೊಂಡರು.

ಅವರಿಗೆ ಚರಿತ್ರೆ ಹೇಳಿ ನೋಡಿದೆ. 1921ರಲ್ಲಿ ಬೆಂಟನ್ ಮೆಕ್ಕೇ ಈ ದಾರಿಯ ಕಲ್ಪನೆ ಮುಂದಿಟ್ಟಾಗ ಅವರ ಕಣ್ಣಮುಂದೆ ಇದ್ದವರು ಪೂರ್ವದ ಪಟ್ಟಣಗಳಲ್ಲಿ ದುಡಿದು ದಣಿದ ಜನ, ಸಿಕ್ಕಷ್ಟು ರಜೆಗೆ ಬೆಟ್ಟಕ್ಕೆ ಬಂದು ಹೋಗುವವರು. ಮೊದಲು ಇಡೀ ದಾರಿ ನಡೆದವರು ಮೈರನ್ ಏವರಿ, ವಾಷಿಂಗ್ಟನ್ನಿನ ವಕೀಲರು. ಅಳತೆಯ ಚಕ್ರ ತಳ್ಳಿಕೊಂಡು ತುಂಡುತುಂಡಾಗಿಯೇ ನಡೆದು 1936ರಲ್ಲಿ ಮುಗಿಸಿದರು. ಒಂದೇ ಯಾತ್ರೆಯಲ್ಲಿ ಪೂರ್ತಿ ನಡೆದೆನೆಂದು ಅರ್ಲ್ ಶೇಫರ್ ವರದಿ ಮಾಡಿದ್ದು 1948ರಲ್ಲಿ. ಶೆನಾಂಡೋವಾದಲ್ಲಿ ಬೆಟ್ಟದ ನೆತ್ತಿಯ ಮೇಲೇ ಸ್ಕೈಲೈನ್ ಡ್ರೈವ್ ಎಂಬ ಕಾರು ರಸ್ತೆ ಬಂದಾಗ ಮೆಕ್ಕೇ ವಿರೋಧಿಸಿದರು, ಏವರಿ ಒಪ್ಪಿಕೊಂಡರು. ಇಬ್ಬರ ಸ್ನೇಹ ಅಲ್ಲಿಗೆ ಮುರಿಯಿತು. ನನಗೆ ಮನಸ್ಸಿನಲ್ಲಿ ಮೆಕ್ಕೇ ಹೆಚ್ಚು, ಆದರೆ ಶನಿವಾರ ಬೆಳಿಗ್ಗೆ ಕಾರಿನ ಕೀಲಿ ಹುಡುಕುವಾಗ ನಾನು ಏವರಿಯ ಪಕ್ಷವೇ.

ಭಾವ ಇದಕ್ಕೆಲ್ಲ ಜಗ್ಗಲಿಲ್ಲ. ಚರಿತ್ರೆಯಿಂದ ವ್ರತ ಸಿದ್ಧವಾಗುವುದಿಲ್ಲ, ಸರಿಯೇ. ಹಾಗಾಗಿ ಅವರದೇ ಅಂಗಳಕ್ಕೆ ಇಳಿದೆ. ಈಶ್ವರ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹೇಗೆ ಬರುತ್ತೀರಿ? ನಂದಿಯಿಂದ ಹೊರಟು, ಅಭಿಷೇಕದ ನೀರು ಹೊರಬೀಳುವ ಸೋಮಸೂತ್ರದವರೆಗೆ ಹೋಗಿ, ಅದನ್ನು ದಾಟದೆ, ಬಂದ ದಾರಿಯಲ್ಲೇ ಹಿಂದಿರುಗಿ, ಇನ್ನೊಂದು ಬದಿಯಿಂದ ಅದೇ ಸೋಮಸೂತ್ರದವರೆಗೆ ಬರುತ್ತೀರಿ. ಸುತ್ತು ಎಲ್ಲೂ ಕೂಡುವುದಿಲ್ಲ. ಅರ್ಧ ನಡೆದದ್ದು ತಿರುಗುಮುರುಗಾಗಿ. ಆದರೂ ಅದು ಅರೆ ಪ್ರದಕ್ಷಿಣೆ ಅಂತ ಯಾರೂ ಅನ್ನುವುದಿಲ್ಲ. ಇಲ್ಲಿಯೂ ಕೆಲವರು ನಡುವಿನ ಹಾರ್ಪರ್ಸ್ ಫೆರಿಯಿಂದ ಹೊರಟು ಉತ್ತರದ ತುದಿ ಮುಟ್ಟಿ, ವಾಪಸು ಬಂದು, ಅದೇ ಊರಿನಿಂದ ದಕ್ಷಿಣದ ತುದಿಗೆ ನಡೆಯುತ್ತಾರೆ. ಗುರುಚರಿತ್ರೆಯ ಸಪ್ತಾಹದಲ್ಲೂ ದಿನಕ್ಕಿಷ್ಟು ಅಧ್ಯಾಯವೆಂದು ನಿಲುಗಡೆ ಗೊತ್ತುಮಾಡಿಯೇ ಇಟ್ಟಿದ್ದಾರೆ. ಅಮ್ಮ ಪುಸ್ತಕಕ್ಕೆ ದಾರ ಇಟ್ಟು ಎದ್ದು ಹೋಗಿ ಸಾರಿಗೆ ಬೇಳೆ ಹಾಕುತ್ತಿದ್ದಳು. ಮಾರನೆಯ ದಿನ ಆ ದಾರವಿದ್ದ ಪುಟದಿಂದಲೇ ಶುರು, ಒಂದು ಸಾಲು ಹಿಂದಿಲ್ಲ ಮುಂದಿಲ್ಲ.

ನಾನು ಹೇಳುವುದೂ ಇಷ್ಟೇ. ನಿಲ್ಲುವುದರಿಂದ ವ್ರತ ಮುರಿಯುವುದಿಲ್ಲ, ನಿಂತಲ್ಲಿಗೇ ಮರಳದಿದ್ದರೆ ಮುರಿಯುತ್ತದೆ. ನಡುವೆ ಬಿಟ್ಟುಹೋದ ನೂರು ಗಜವನ್ನು ‘ಇರಲಿ ಬಿಡು’ ಅಂದರೆ ಆ ಕ್ಷಣಕ್ಕೆ ಹೋಯಿತು.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು ನಿಜವಾದ ಏಟು ಕೊಟ್ಟರು. “ಅದಿರಲಿ, ನೀನು ಹೊರಡುವುದು ಮಳೆ ಇಲ್ಲ ಅಂತ ಫೋನಿನಲ್ಲಿ ನೋಡಿದ ಮೇಲೆ ಅಲ್ವಾ? ಅದೆಂಥ ವ್ರತ?”

ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಥ್ರೂ ಹೈಕರ್‌ಗೆ ಮಳೆ ಬಂದರೆ ಮಳೆ. ನಾಳೆಯೂ ಒದ್ದೆ ಸಾಕ್ಸೇ ಹಾಕಬೇಕು. ದಾರಿ ಕೊಟ್ಟದ್ದನ್ನು ತೆಗೆದುಕೊಳ್ಳುವ ಆ ಶರಣಾಗತಿ ನನ್ನ ನಡಿಗೆಯಲ್ಲಿಲ್ಲ. ಸನ್ಯಾಸಿಗೆ ಸಿಕ್ಕುವುದು ಗೃಹಸ್ಥನಿಗೆ ಸಿಕ್ಕುವುದಿಲ್ಲ. ಆದರೆ ಗೃಹಸ್ಥನ ಕಷ್ಟವೇ ಬೇರೆ. ಅವನು ಪ್ರತಿ ಸಲವೂ ಮೊದಲಿನಿಂದ ಮನಸ್ಸು ಮಾಡಬೇಕು. ಬೆಚ್ಚಗಿನ ಹಾಸಿಗೆಯಿಂದ, ನಸುಕಿನಲ್ಲಿ, ಯಾರೂ ಬಾ ಅನ್ನದಿರುವಾಗ. ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1955ರಲ್ಲಿ, 67ನೇ ವಯಸ್ಸಿನಲ್ಲಿ, ಒಬ್ಬರೇ ಈ ದಾರಿಯನ್ನು ಒಮ್ಮೆಲೇ ನಡೆದರು. ಮೂರನೆಯ ಸಲ ತುಂಡುತುಂಡಾಗಿ ನಡೆದು 1964ರಲ್ಲಿ ಮುಗಿಸಿದರು. ಎರಡನ್ನೂ ಬಲ್ಲ ಅವರನ್ನು ಯಾವುದು ಹೆಚ್ಚು ಅಂತ ಕೇಳಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈಗ ಹೊಸ ತಕರಾರು ಎದ್ದಿದೆ. ಕುಸಿದ ಮಣ್ಣು, ಕೊಂಡ ಜಮೀನು ಅಂತ ಟ್ರೇಲನ್ನು ಅಲ್ಲಲ್ಲಿ ಪಕ್ಕಕ್ಕೆ ಸರಿಸುತ್ತಲೇ ಇರುತ್ತಾರೆ. ಒಟ್ಟು ಉದ್ದವೇ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನಾನು ನಡೆದು ಮುಗಿಸಿದ ತುಂಡನ್ನು ನಾಳೆ ಆಚೆಯ ಇಳಿಜಾರಿಗೆ ಹಾಕಿದರೆ? ದೇವರ ಪೀಠ ಸರಿಸಿದ ಮೇಲೆ ಹಳೇ ಜಾಗಕ್ಕೆ ಹಾಕಿದ ಪ್ರದಕ್ಷಿಣೆ ಲೆಕ್ಕಕ್ಕಿಲ್ಲ, ಮತ್ತೆ ನಡೆಯಲೇಬೇಕು ಅನ್ನುತ್ತಾರೆ ಭಾವ. ನಡೆದ ದಿನ ದೇವರು ಅಲ್ಲೇ ಇದ್ದನಲ್ಲ ಅನ್ನುತ್ತೇನೆ ನಾನು. ಪೆನ್ಸಿಲ್ವೇನಿಯಾದ ಗಡಿಯವರೆಗೂ ಇದೇ ವಾದ. ಅವರಿಗೆ ಕಾರು ಓಡಿಸುವ ಬೇಸರವೇ ಹೋಗಿದೆ.